ಟ್ರ್ಯಾಕ್ಟರಿಗೆ ಸೋಮವಾರವಿಲ್ಲ

ಸೋಮವಾರ ಎತ್ತಿಗೆ ನೊಗ ಹೂಡಬಾರದು ಎಂಬ ಕಟ್ಟು ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಅದು ಶಿವನ ವಾರ, ಬಸವನ ವಾರ. ಅಂದು ಎತ್ತು ಕೊಟ್ಟಿಗೆಯಲ್ಲಿ ಮೇವು ಮೆಲುಕು ಹಾಕುತ್ತಾ ಮಲಗಿರಬೇಕು. ಎತ್ತು ಮಲಗಿದರೆ ಆರಂಭಗಾರನ ಕೈಯೂ ಬಿಡುವಾಗುತ್ತಿತ್ತು. ಮೈ ತೊಳೆದುಕೊಂಡು, ಹಣೆಗೆ ವಿಭೂತಿ ಬಳಿದು, ದೇವರ ಮುಂದೆ ಅವಸರವಿಲ್ಲದೆ ಕೂರಲು ಅವನಿಗೆ ವಾರದಲ್ಲಿ ಒಂದು ದಿನ ತಾನಾಗಿ ಸಿಕ್ಕುತ್ತಿತ್ತು. ಆ ಬಿಡುವನ್ನು ಅವನು ಮಾಡಿಕೊಂಡದ್ದಲ್ಲ, ಊರಿನ ಕಟ್ಟಳೆ ಅವನಿಗೆ ಕೊಟ್ಟದ್ದು.

ಹನೂರು ತಾಲ್ಲೂಕಿನ ಅಜ್ಜೀಪುರದಂಥ ಊರುಗಳಲ್ಲಿ ಈಗ ಹೊಲಕ್ಕೆ ಇಳಿಯುವುದು ಗಂಟೆ ಲೆಕ್ಕದ ಬಾಡಿಗೆ ಟ್ರ್ಯಾಕ್ಟರು. ಮಳೆ ಬಿದ್ದ ಮಾರನೆಯ ದಿನ ಎಲ್ಲರಿಗೂ ಒಟ್ಟಿಗೆ ಬೇಕು. ಸರದಿ ಸೋಮವಾರ ಬಂದರೆ ಸೋಮವಾರವೇ ಉಳಬೇಕು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಎದ್ದು ಹೋಗಬೇಕು. ಹಾಲು ಬೆಳಗ್ಗೆ, ಸಂಜೆ ಎರಡು ಹೊತ್ತೂ ಡೇರಿ ಮುಚ್ಚುವುದರೊಳಗೆ ಮುಟ್ಟಬೇಕು. ಕಾಡಂಚಿನ ಹೊಲವಾದರೆ ಬೆಳೆ ಕೊಯ್ಲಿಗೆ ಬರುವ ತಿಂಗಳುಗಳಲ್ಲಿ ಆನೆ, ಹಂದಿಗೆ ಹೆದರಿ ಅಟ್ಟಣೆಯ ಮೇಲೆ ರಾತ್ರಿ ಕಾವಲು. ಇಂಥ ಬಾಳಿನಲ್ಲಿ ಇರುವವರನ್ನು ದಿನಾ ಪೂಜೆ, ಓದು ನಡೆಯುತ್ತದೆಯೇ ಎಂದು ಕೇಳಿದರೆ ಬರುವ ಉತ್ತರ ಒಂದೇ: "ಪುರ್ಸೊತ್ತು ಎಲ್ಲದೆ ಹೇಳಿ? ಮಾದಪ್ಪ ನೋಡ್ಕತನೆ ಬುಡಿ." ಮಾದಪ್ಪನೆಂದರೆ ಈ ಸೀಮೆಯ ದೇವರು ಮಲೆ ಮಾದೇಶ್ವರ. ಆ ಮಾತಿನಲ್ಲಿ ಸೋಮಾರಿತನ ಇಲ್ಲ. ನಿಜವಾದ ನಂಬಿಕೆ ಇದೆ, ನಿಜವಾದ ದಣಿವೂ ಇದೆ.

ನಿತ್ಯಪೂಜೆ ಮತ್ತು ನಿತ್ಯಪಾರಾಯಣ ಎಂಬ ಆಚರಣೆಯನ್ನು ಈ ಸೀಮೆಯಲ್ಲಿ ನಿಂತು ವಿಮರ್ಶೆ ಮಾಡುವುದು ನನ್ನ ಉದ್ದೇಶ. ಅದು ಬೇಕೇ ಬೇಡವೇ ಎಂಬ ಚರ್ಚೆ ನನಗೆ ಬೇಡ. ಬೇಕು ಎಂದೇ ನನ್ನ ನಂಬಿಕೆ. ಆದರೆ ಅದನ್ನು ಮಾಡಿಕೊಳ್ಳುವ ದಾರಿಯೆಂದು ನಮಗೆ ಹೇಳಲಾಗುತ್ತಿರುವ ಮಾತುಗಳಲ್ಲಿ ಹೆಚ್ಚಿನವು ಸೋತಿವೆ. ಏಕೆ ಸೋತವು ಎಂದು ನೋಡಬೇಕು.

ಪ್ರವಚನಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ ಪದೇ ಪದೇ ಸಿಗುವ ಸಲಹೆ: ಅರ್ಧ ಗಂಟೆ ಬೇಗ ಏಳಿ. ಕೊಳ್ಳೇಗಾಲದಲ್ಲೋ ಮೈಸೂರಿನಲ್ಲೋ ಹತ್ತು ಗಂಟೆಯ ಆಫೀಸಿಗೆ ಹೋಗುವವರಿಗೆ ಈ ಸಲಹೆ ಸರಿ. ನಾಲ್ಕೂವರೆಗೇ ಎದ್ದು ಕೊಟ್ಟಿಗೆ ಬಾಚಿ, ಹಸು ತೊಳೆದು, ಹಾಲು ಕರೆದು, ಒಲೆ ಹಚ್ಚುವ ಹೆಂಗಸಿಗೆ ಅರ್ಧ ಗಂಟೆ ಬೇಗ ಏಳು ಎಂದು ಹೇಳುವುದು ಅನ್ಯಾಯ. ರೇಷ್ಮೆ ಹುಳು ಸಾಕುವ ಮನೆಯಾದರೆ ಇನ್ನೂ ಕಷ್ಟ. ನಾಲ್ಕನೆಯ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟುವ ತನಕದ ಸುಮಾರು ಒಂದು ವಾರ, ಹುಳು ಅಲ್ಲಿಯವರೆಗೆ ತಿಂದ ಸೊಪ್ಪಿನ ಹಲವು ಪಟ್ಟು ತಿನ್ನುತ್ತದೆ. ಹಗಲಿಲ್ಲ, ರಾತ್ರಿಯಿಲ್ಲ, ಸೊಪ್ಪು ಕೊಯ್ಯಬೇಕು, ಹಾಕಬೇಕು, ಹಿಕ್ಕೆ ತೆಗೆಯಬೇಕು. ಆ ವಾರ ಆ ಮನೆಯಲ್ಲಿ ದೇವರ ದೀಪ ಹಚ್ಚಿದರೆ ಅದೇ ದೊಡ್ಡದು. ಬೇಗ ಏಳಿ ಎನ್ನುವ ಸಲಹೆ ಸಮಯವನ್ನು ಒಬ್ಬೊಬ್ಬರ ಛಲದ ಮಾತಾಗಿ ಕಾಣುತ್ತದೆ. ಸಮಯ ಆಗದಿದ್ದವರ ಮೇಲೆ ಕೆಲಸದ ಜೊತೆಗೆ ಅಪರಾಧದ ಭಾವವನ್ನೂ ಹೊರಿಸುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ಮಾತಿದೆ. ಕಾಯಕವೇ ಕೈಲಾಸ, ದುಡಿಮೆಯೇ ಪೂಜೆ, ಬೇರೆ ಪೂಜೆ ಏಕೆ? ಲಿಂಗಾಯತರ ಮನೆಗಳಲ್ಲಿ ಇಷ್ಟಲಿಂಗ ಪೂಜೆ ಮೂರು ಹೊತ್ತಿನಿಂದ ಒಂದು ಹೊತ್ತಿಗೆ, ಒಂದು ಹೊತ್ತಿನಿಂದ ಹಬ್ಬಹುಣ್ಣಿಮೆಗೆ ಇಳಿದಿರುವ ಕಡೆಯೆಲ್ಲ ಈ ಮಾತು ಕೇಳಿಸುತ್ತದೆ. ಇದಕ್ಕೆ ಆಧಾರವೂ ಉಂಟು. ಕಾಯಕದಲ್ಲಿ ತೊಡಗಿದಾಗ ಲಿಂಗಪೂಜೆಯನ್ನೂ ಮರೆಯಬೇಕು ಎಂಬರ್ಥದ, ಶರಣ ಆಯ್ದಕ್ಕಿ ಮಾರಯ್ಯನ ವಚನವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅದನ್ನು ನೆನೆಯುವವರು ಮಾರಯ್ಯನ ಹೆಂಡತಿ ಲಕ್ಕಮ್ಮನನ್ನು ಮರೆಯುತ್ತಾರೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ದಿನದ ಅಳತೆಗಿಂತ ಹೆಚ್ಚು ತಂದಾಗ, ಈ ಆಸೆ ನಮಗೇಕೆ ಎಂದು ಕೇಳಿ, ಹೆಚ್ಚಿನದನ್ನು ಅಲ್ಲೇ ಸುರಿದು ಬರುವಂತೆ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಲಿಂಗಪೂಜೆಯನ್ನು ಮರೆಯುವ ಅನುಮತಿ ಸಿಕ್ಕಿದ್ದು ಇಷ್ಟು ಸಾಕು ಎಂದು ಬಲ್ಲ ಮನೆಯ ದುಡಿಮೆಗೆ. ಸಾಲ ಮಾಡಿ ಎರಡನೆಯ ಬೋರ್‌ವೆಲ್ ಕೊರೆಸಿ, ಆ ಸಾಲ ತೀರಿಸಲು ಸೋಮವಾರವನ್ನೂ ಮಾರಿಕೊಂಡ ದುಡಿಮೆಗೆ ಮಾರಯ್ಯನ ಹೆಸರು ಹೇಳುವುದು ಸಲ್ಲದು. ರೈತ ಆಸೆಬುರುಕ ಎಂದು ನಾನು ಹೇಳುತ್ತಿಲ್ಲ. ಅವನನ್ನು ಆ ಸಾಲಕ್ಕೆ ತಳ್ಳಿದ್ದು ಬೇರೆಯೇ ಶಕ್ತಿಗಳು. ಆದರೆ ದಣಿವಿಗೆ ಕಾಯಕ ಎಂಬ ಹೆಸರಿಟ್ಟು ಸಮಾಧಾನ ಮಾಡಿಕೊಂಡರೆ, ಆ ಶಕ್ತಿಗಳ ವಿಷಯ ಮಾತಾಡುವುದೇ ನಿಂತುಹೋಗುತ್ತದೆ.

ಮೂರನೆಯದು ಮೊಬೈಲು. ದಿನಕ್ಕೊಂದು ವಚನ, ದಿನಕ್ಕೊಂದು ಶ್ಲೋಕ, ಹೂವಿನ ಚಿತ್ರದ ಜೊತೆ ಬೆಳಗ್ಗೆ ವಾಟ್ಸಾಪಿನಲ್ಲಿ ಬರುತ್ತದೆ. ಇದನ್ನು ಸಾರಾಸಗಟಾಗಿ ತಳ್ಳಿಹಾಕಲಾರೆ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಹಳ್ಳಿ ಹಳ್ಳಿ ತಿರುಗಿ ತಾಳೆಗರಿ ಕೂಡಿಸಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದದ್ದು 1923ರಲ್ಲಿ. ರಾಜ್ಯ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ತಂದದ್ದು 1993ರಲ್ಲಿ. ಇವತ್ತು 'ವಚನ ಸಂಚಯ' ಜಾಲತಾಣದಲ್ಲಿ ಒಂದು ಪದ ಬರೆದರೆ ಆ ಪದ ಬರುವ ವಚನಗಳೆಲ್ಲ ಅಜ್ಜೀಪುರದ ಬಸ್ ನಿಲ್ದಾಣದಲ್ಲಿ ನಿಂತವನಿಗೂ ಕಾಣುತ್ತವೆ. ಹುಡುಕಲು ಇದಕ್ಕಿಂತ ಒಳ್ಳೆಯ ಸಾಧನ ಕನ್ನಡಕ್ಕೆ ಹಿಂದೆ ಇರಲಿಲ್ಲ. ಆದರೆ ಅಧ್ಯಯನಕ್ಕೆ ಇದು ಬಡ ಸಾಧನ. ಇಂದಿನ ವಚನವನ್ನು ನಾಳಿನ ವಚನ ಅಳಿಸಿಹಾಕುತ್ತದೆ. ಓದಿದ್ದಕ್ಕೆ ಸಾಕ್ಷಿ ಒಂದು ಕೈಮುಗಿದ ಚಿಹ್ನೆ. ಮೂರು ತಿಂಗಳು ಹೀಗೆ ಓದಿದವರಿಗೆ ಒಂದು ವಚನವೂ ಬಾಯಿಗೆ ಬರುವುದಿಲ್ಲ ಎಂಬುದನ್ನು ನಾನು ನನ್ನ ಪರಿಚಯದ ಮನೆಗಳಲ್ಲಿಯೇ ಕಂಡಿದ್ದೇನೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಸೀಮೆಗೆ ಬಾಯಿಪಾಠದ ದೊಡ್ಡ ಶಾಲೆಯೊಂದಿತ್ತು, ಇನ್ನೂ ಪೂರಾ ಮುಚ್ಚಿಲ್ಲ. ಮಲೆ ಮಾದೇಶ್ವರನ ಒಕ್ಕಲಲ್ಲಿ ದೀಕ್ಷೆ ಪಡೆದ ದೇವರಗುಡ್ಡರು ಕಂಸಾಳೆ, ದಮ್ಮಡಿ ಹಿಡಿದು ಹಾಡುವ ಕಾವ್ಯ ಸಾಲು ಸಾಲಾಗಿ ಹರಡಿಕೊಂಡಿದೆ. ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು, ಸರಗೂರಯ್ಯನ ಸಾಲು. ಒಂದೊಂದೂ ಹಾಡುತ್ತ ಹೋದರೆ ರಾತ್ರಿ ಕಳೆಯುತ್ತದೆ. ಅಕ್ಷರ ಬಾರದವರು ಅದನ್ನು ಕೇಳಿ ಕೇಳಿ ಕಲಿತರು. ತಪ್ಪಿದರೆ ಕೂತವರಲ್ಲಿ ಯಾರಾದರೂ ತಿದ್ದುತ್ತಿದ್ದರು. ಇದನ್ನು ಜನಪದ ಕಲೆ ಎಂದು ಕರೆದು ವೇದಿಕೆಗೆ ಹತ್ತಿಸಿ ಹತ್ತು ನಿಮಿಷದ ಕುಣಿತ ಮಾಡಿದ್ದೇವೆ. ನನ್ನ ಲೆಕ್ಕದಲ್ಲಿ ಅದು ಈ ನೆಲದ ಶಾಸ್ತ್ರ, ಅದನ್ನು ಕೇಳುವುದೇ ಸ್ವಾಧ್ಯಾಯ. ಕಾಡಿಗೆ ಹೊರಟ ಗಂಡ ನೀಲೇಗೌಡ ಆಣೆಭಾಷೆ ಕೇಳಿದಾಗ ಕೊಡಲು ಒಪ್ಪದ ಸೋಲಿಗರ ಸಂಕಮ್ಮ, ಅದಕ್ಕಾಗಿ ಪಟ್ಟ ಪಾಡು, ಆಗ ಅವಳ ಪಾಲಿಗೆ ಬಂದ ಮಾದಪ್ಪ: ಧರ್ಮವೆಂದರೇನು, ಹೆಣ್ಣಿನ ಮಾತಿಗೆ ಬೆಲೆಯೇನು ಎಂದು ಒಂದು ಊರು ರಾತ್ರಿಯಿಡೀ ಕೂತು ಯೋಚಿಸಲು ಇದಕ್ಕಿಂತ ಗಟ್ಟಿ ಪಠ್ಯ ಯಾವುದಿದೆ?

ಈ ಪದ್ಧತಿಯಲ್ಲಿ ಎರಡು ಗುಣ ಮೇಲೆದ್ದು ಕಾಣುತ್ತವೆ. ಹಾಡುವವನು ಮನೆ ಬಾಗಿಲಿಗೆ ಬರುತ್ತಿದ್ದ, ಕೇಳುವವರು ಹುಡುಕಿಕೊಂಡು ಹೋಗಬೇಕಿರಲಿಲ್ಲ. ಹೊತ್ತನ್ನು ಅಮಾವಾಸ್ಯೆ, ಸೋಮವಾರ, ಹರಕೆಯ ದಿನ ಗೊತ್ತುಮಾಡುತ್ತಿದ್ದವು, ಒಬ್ಬೊಬ್ಬರ ಮನಸ್ಸಿಗೆ ಬಿಟ್ಟಿರಲಿಲ್ಲ. ನೆರೆಯವರನ್ನು ನೋಡಿದರೂ ಇದೇ ಕಾಣುತ್ತದೆ. ಕೊಳ್ಳೇಗಾಲದ ಮಸೀದಿಯ ಆಜಾನ್ ದಿನಕ್ಕೆ ಐದು ಸಲ ಅಂಗಡಿಯವನನ್ನು ಎಬ್ಬಿಸುತ್ತದೆ. ಮಾರ್ಟಳ್ಳಿಯ ಕ್ರೈಸ್ತರಿಗೆ ಭಾನುವಾರ ಬರಲೋ ಬೇಡವೋ ಎಂದು ಕೇಳಿ ಬರುವುದಿಲ್ಲ. ಒಡೆಯರಪಾಳ್ಯದ ಟಿಬೆಟನ್ ಹಿರಿಯರು ಅಂಗಡಿಗೆ ನಡೆದು ಹೋಗುವಾಗಲೂ ಕೈಯಲ್ಲಿ ಮಣಿಚಕ್ರ ತಿರುಗುತ್ತಿರುತ್ತದೆ. ಹೊತ್ತನ್ನು ಸಮುದಾಯ ಕಾಯುವ ಕಡೆ ಪ್ರಾರ್ಥನೆ ಉಳಿದಿದೆ, ಒಬ್ಬೊಬ್ಬರ ಹೆಗಲಿಗೆ ಬಿಟ್ಟ ಕಡೆ ಸವೆದಿದೆ.

ಕೊರತೆಯನ್ನೂ ಹೇಳಬೇಕು. ಕೇಳುವ ಸಂಪ್ರದಾಯದಲ್ಲಿ ಪ್ರಶ್ನೆಗೆ ಜಾಗ ಕಡಿಮೆ. ನಿತ್ಯವೂ ಅಲ್ಲ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟ ಹತ್ತಿ ಉಘೇ ಎಂದು ಬಂದವರಿಗೆ ಮುಂದಿನ ಅಮಾವಾಸ್ಯೆಯ ತನಕ ಮನೆಯಲ್ಲಿ ಹಿಡಿಯಲು ಒಂದು ಚಿಕ್ಕ ಪಾಠ ಬೇಕು. ಆ ಪಾಠವೂ ಈ ಸೀಮೆಯಲ್ಲೇ ಇದೆ ಎಂಬುದು ನನಗೆ ಸಂತೋಷವನ್ನೂ ಸಂಕಟವನ್ನೂ ಕೊಡುವ ಸಂಗತಿ.

ನಿಜಗುಣ ಶಿವಯೋಗಿಗಳು ತಪಸ್ಸು ಮಾಡಿದ್ದು ಕೊಳ್ಳೇಗಾಲ ತಾಲ್ಲೂಕಿನ ಚಿಲುಕವಾಡಿಯ ಶಂಭುಲಿಂಗನ ಬೆಟ್ಟದಲ್ಲಿ. ಸೀಮೆ ಆಳುತ್ತಿದ್ದವರು ಅದನ್ನು ಬಿಟ್ಟು ಬೆಟ್ಟ ಸೇರಿದರು ಎನ್ನುತ್ತದೆ ಇಲ್ಲಿನ ಐತಿಹ್ಯ. ಅವರ 'ಕೈವಲ್ಯ ಪದ್ಧತಿ' ರಾಗ ತಾಳಕ್ಕೆ ಒಗ್ಗುವ ಹಾಡುಗಳ ಪುಸ್ತಕ. ಶಿವಕಾರುಣ್ಯ, ಜೀವಸಂಬೋಧನ, ನೀತಿಕ್ರಿಯಾಚರ್ಯೆ, ಯೋಗ, ಜ್ಞಾನ ಎಂದು ಐದು ಸ್ಥಲಗಳು. ಹುಬ್ಬಳ್ಳಿಯ ಸಿದ್ಧಾರೂಢರು (1836–1929) ಪ್ರವಚನಕ್ಕೆ ಆಧಾರ ಮಾಡಿಕೊಂಡದ್ದು ನಿಜಗುಣರ ಶಾಸ್ತ್ರಗಳನ್ನೇ. ಆರೂಢ ಪರಂಪರೆಯ ಮಠಗಳಲ್ಲಿ ಅವನ್ನು ಇಂದಿಗೂ ಓದಿ ಅರ್ಥ ಹೇಳುತ್ತಾರೆ. ಬೆಟ್ಟ ಇರುವ ಸೀಮೆಯಲ್ಲಿ ಆ ಪುಸ್ತಕ ಎಷ್ಟು ಮನೆಯಲ್ಲಿದೆ?

ದಿನದ ಓದಿಗೆ ಅದು ಹೇಗೆ ಎಂದರೆ, ನನ್ನ ಅಭಿಪ್ರಾಯ ಇದು. ಹಾಡು ಚಿಕ್ಕದು, ಐದು ನಿಮಿಷ ಸಾಕು. ಪಲ್ಲವಿ ಇರುವುದರಿಂದ ಮನಸ್ಸಿನಲ್ಲಿ ನಿಲ್ಲುತ್ತದೆ, ಸೊಪ್ಪು ಕೊಯ್ಯುವಾಗ ಗುನುಗಬಹುದು. ಆದರೆ ಸಂಸ್ಕೃತ ಪದಗಳು ಹೆಚ್ಚು. ಯೋಗ, ಜ್ಞಾನದ ಸ್ಥಲಗಳು ಬಲ್ಲವರ ನೆರವಿಲ್ಲದೆ ತೆರೆಯುವುದಿಲ್ಲ. ಅಲ್ಲಿಂದ ಶುರುಮಾಡಿದವರು ವಾರದಲ್ಲೇ ಪುಸ್ತಕ ಮುಚ್ಚುತ್ತಾರೆ. ಎರಡನೆಯ ಸ್ಥಲದಿಂದ ಹಿಡಿಯಬೇಕು. ಅಲ್ಲಿ ಕವಿ ತನ್ನ ಜೀವಕ್ಕೇ ಬುದ್ಧಿ ಹೇಳಿಕೊಳ್ಳುತ್ತಾನೆ. ದಣಿದವನಿಗೂ ಆ ದನಿ ಮುಟ್ಟುತ್ತದೆ. ದಿನಕ್ಕೊಂದು ಹಾಡು ಬೇಡ. ಒಂದೇ ಹಾಡನ್ನು ವಾರವಿಡೀ ಹಾಡಿ, ಬಾಯಿಗೆ ಬಂದ ಮೇಲೆ ಮುಂದಕ್ಕೆ ಹೋಗಬೇಕು.

ಹೊತ್ತು ಎಲ್ಲಿಂದ ಎನ್ನುವ ಪ್ರಶ್ನೆ ಮಾತ್ರ ಇನ್ನೂ ನಿಂತಿದೆ. ಗಡಿಯಾರ ನೋಡಿ ಗೊತ್ತುಮಾಡಿದ ಹೊತ್ತು ರೈತನ ಮನೆಯಲ್ಲಿ ಉಳಿಯುವುದಿಲ್ಲ. ಕೆಲಸದ ಒಳಗೇ ಇರುವ ತಂಗುಗಳನ್ನು ಹಿಡಿಯಬೇಕು. ಹುಳು ಜ್ವರಕ್ಕೆ ಕೂತಾಗ ಸುಮಾರು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಒಂದು ಬೆಳೆಯಲ್ಲಿ ಇಂಥ ಬಿಡುವು ನಾಲ್ಕು ಸಲ ಬರುತ್ತದೆ. ಮನೆಮಂದಿ ಕೂತು ಅರ್ಥ ಬಿಡಿಸಿ ಓದಲು ಅದೇ ದಿನ. ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿದ ಮೇಲೆ ಮುಂದಿನ ಚಾಕಿ (ಮರಿಹುಳು) ಬರುವ ತನಕ ಇನ್ನಷ್ಟು ಬಿಡುವು. ಕಾವಲಿನ ಅಟ್ಟಣೆಯಲ್ಲಂತೂ ದನಿ ಎತ್ತಿ ಹಾಡಿದರೆ ಆನೆಗೂ ಮನುಷ್ಯರಿರುವುದು ತಿಳಿಯುತ್ತದೆ.

ಆದರೆ ಈ ತಂಗುಗಳೂ ಹೆಂಗಸರ ಪಾಲಿಗೆ ಬರುವುದು ಕಡಿಮೆ. ಹುಳು ಮಲಗಿದಾಗ ಗಂಡಸು ಜಗಲಿಯಲ್ಲಿ ಕೂರುತ್ತಾನೆ, ಹೆಂಗಸು ಬಟ್ಟೆ ಒಗೆಯಲು ಹೋಗುತ್ತಾಳೆ. ದೇವರ ಮನೆ ತೊಳೆದು, ರಂಗೋಲಿ ಬಿಟ್ಟು, ಹೂ ತಂದು, ದೀಪಕ್ಕೆ ಎಣ್ಣೆ ಹಾಕುವವಳು ಅವಳು. ಕಣ್ಣು ಮುಚ್ಚಿ ಕೂರುವವನು ಅವನು. ನಿತ್ಯಪೂಜೆಯ ಮೇಲೆ ನನಗಿರುವ ದೊಡ್ಡ ಆಕ್ಷೇಪ ಇದೇ. ಯಳಂದೂರಿನ ಸಂಚಿ ಹೊನ್ನಮ್ಮನನ್ನು ನೆನೆಯೋಣ. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿದು ಸೇವೆಗೆ ನಿಂತ ಊಳಿಗದ ಹೆಣ್ಣು, ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದಳು. ಅವಳ ಪ್ರತಿಭೆಯನ್ನು ಎಲ್ಲರೂ ಹೊಗಳುತ್ತಾರೆ. ರಾಣಿ ದೇವಾಜಮ್ಮಣ್ಣಿ ಒತ್ತಾಸೆಯಾಗಿ ನಿಂತದ್ದನ್ನೂ, ಅಳಸಿಂಗರಾರ್ಯರು ಕಲಿಸಿದ್ದನ್ನೂ ಅದರ ಜೊತೆಗೇ ನೆನೆಯಬೇಕು. ಹೆಣ್ಣನ್ನು ಪತಿಸೇವೆಗೆ ಕಟ್ಟುವ ಆ ಕೃತಿಯ ಉಪದೇಶವನ್ನು ಇಂದು ಹಾಗೆಯೇ ಒಪ್ಪಲಾಗದು. ಆದರೆ ಸೇವೆಯಲ್ಲಿದ್ದವಳಿಗೆ ಓದುವ ಹೊತ್ತು ಸಿಕ್ಕಿದ್ದು ಯಾರೋ ಕೊಟ್ಟಿದ್ದರಿಂದ. ಎತ್ತಿನ ಸೋಮವಾರವೂ ಹಾಗೆ ಕೊಟ್ಟ ಹೊತ್ತೇ.

ಆದ್ದರಿಂದ ಅಜ್ಜೀಪುರದವರಲ್ಲಿ, ಸುತ್ತಲ ಊರಿನವರಲ್ಲಿ ನನ್ನ ಮನವಿ ಇಷ್ಟು. ಸೋಮವಾರದ ಒಂದು ಸಂಜೆಯನ್ನು ಊರೇ ಮತ್ತೆ ಬಿಡುವು ಮಾಡಿಕೊಳ್ಳಲಿ. ಮಾದಪ್ಪನ ಸಾಲು ಬಲ್ಲ ದೇವರಗುಡ್ಡರನ್ನು ಕರೆದು ವೇದಿಕೆಯಲ್ಲಲ್ಲ, ಜಗಲಿಯಲ್ಲಿ ಕೂರಿಸಿ ಹಾಡಿಸಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ 'ಕೈವಲ್ಯ ಪದ್ಧತಿ'ಯ ನಾಲ್ಕು ಪ್ರತಿ ತರಿಸಿ. ಆ ಸಂಜೆ ಹಾಲು ಕರೆದು ಡೇರಿಗೆ ಹಾಕುವ ಕೆಲಸವನ್ನು, ರಾತ್ರಿಯ ಮುದ್ದೆ ತೊಳಸುವ ಕೆಲಸವನ್ನು ಗಂಡಸರು ವಹಿಸಿಕೊಳ್ಳಲಿ, ಹೆಂಗಸರು ಮುಂದಿನ ಸಾಲಿನಲ್ಲಿ ಕೂರಲಿ.