ತುತ್ತು ಹಿಡಿದ ಕೈಯ ಕಥೆ

ಚಂದಮಾಮನನ್ನು ತೋರಿಸಿ ಕೂಸಿಗೆ ತುತ್ತಿಡುವ ತಾಯಿ ನಮಗೆಲ್ಲ ಚಿರಪರಿಚಿತಳು. ಆದರೆ ಹದಿನಾಲ್ಕು ವರ್ಷದ ಮಗಳ ಎದುರಿಗೆ ತಟ್ಟೆಯಿಟ್ಟು, ಅವಳು ಅತ್ತರೂ ಬೈದರೂ ಎದ್ದು ಹೋಗದೆ, ತಟ್ಟೆ ಬರಿದಾಗುವವರೆಗೂ ಕುಳಿತಿರುವ ತಾಯಿಯನ್ನು ನಾನು ಸಾಹಿತ್ಯದಲ್ಲಿ ಕಂಡದ್ದು ಇತ್ತೀಚೆಗೆ, ಒಂದು ಇಂಗ್ಲಿಷ್ ಪುಸ್ತಕದಲ್ಲಿ. ಅಮೆರಿಕದ ಪತ್ರಿಕಾ ಬರಹಗಾರ್ತಿ ಹ್ಯಾರಿಯೆಟ್ ಬ್ರೌನ್ ಅವರ 'ಬ್ರೇವ್ ಗರ್ಲ್ ಈಟಿಂಗ್' 2010ರಲ್ಲಿ ಹೊರಬಂದ ಅನುಭವಕಥನ. ತಡವಾಗಿಯಾದರೂ ಓದಿದ್ದು ಒಳ್ಳೆಯದಾಯಿತೆಂದುಕೊಂಡಿದ್ದೇನೆ.

ಪುಸ್ತಕದಲ್ಲಿ ಕಿಟಿ ಎಂದು ಕರೆದಿರುವ ಆ ಹುಡುಗಿಗೆ ಬಂದದ್ದು ಅನೋರೆಕ್ಸಿಯಾ ಎಂಬ ರೋಗ. ಗ್ರೀಕ್ ಮೂಲದ ಈ ಮಾತಿಗೆ ಹಸಿವಿಲ್ಲದಿರುವಿಕೆ ಎಂದರ್ಥ. ನಮ್ಮ ವೈದ್ಯಗ್ರಂಥಗಳ 'ಅರೋಚಕ'ಕ್ಕೆ ಹತ್ತಿರದ್ದು. ಆದರೆ ಹೆಸರೇ ದಾರಿ ತಪ್ಪಿಸುವಂಥದು. ಹಸಿವು ಉಂಟು, ಉಣ್ಣಲು ಭಯ. ಕಿಟಿ ಅಡುಗೆಯ ಪತ್ರಿಕೆಗಳನ್ನು ಆಸೆಯಿಂದ ಓದುತ್ತಾಳೆ, ತಿನ್ನುವುದಿಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ 1944-45ರಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಗಂಡಸರನ್ನು, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದ್ದರು. ಅವರಲ್ಲಿಯೂ ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು. ಹಲವರು ಖಿನ್ನರಾದರು, ಸಿಡುಕರಾದರು. ಉಪವಾಸ ಬಿದ್ದ ಮೈ ಮನಸ್ಸನ್ನೂ ಕೆಡಿಸುತ್ತದೆ. ಆದುದರಿಂದ ಮೊದಲ ಮದ್ದು ಅನ್ನವೇ.

ಅನ್ನವನ್ನು ಕೊಡುವವರು ಯಾರು? ಇಲ್ಲಿಯೇ ಈ ಪುಸ್ತಕದ ವಾದವಿದೆ. ರೋಗಕ್ಕೆ 1870ರ ದಶಕದಲ್ಲಿ ಹೆಸರಿಟ್ಟ ಲಂಡನ್ನಿನ ವೈದ್ಯ ವಿಲಿಯಂ ಗಲ್, ಇಂಥವರ ಶುಶ್ರೂಷೆಗೆ ಬಂಧುಬಳಗದವರು ತಕ್ಕವರಲ್ಲವೆಂಬ ಅಭಿಪ್ರಾಯವನ್ನು ಬರೆದಿಟ್ಟ. ನೂರು ವರ್ಷದ ಮೇಲೆ, 1978ರಲ್ಲಿ, ಹಿಲ್ಡ ಬ್ರೂಕ್ ತಮ್ಮ ಪ್ರಸಿದ್ಧ ಗ್ರಂಥಕ್ಕೆ 'ಚಿನ್ನದ ಪಂಜರ' ಎಂಬರ್ಥದ ಹೆಸರನ್ನು ಕೊಟ್ಟರು. ಅಲ್ಲಿಯೂ ಸಂದೇಹದ ನೋಟ ಮನೆಯ ಕಡೆಗೇ.

ನಾನೂ ಆ ಸಾಲಿನವನೇ ಎಂದು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ ನೋಡನೋಡುತ್ತ ಕಡ್ಡಿಯಾದಳು. ಅಂಕಗಳು ಮಾತ್ರ ಏರುತ್ತಲೇ ಇದ್ದವು. ಅವಳ ಶ್ರದ್ಧೆಯನ್ನು ನಾನು ಎಲ್ಲರೆದುರಿಗೆ ಹೊಗಳಿದೆ. ಅವಳ ತಾಯಿ ಬಂದು ಕಣ್ಣೀರಿಟ್ಟಾಗ, "ಮನೆಯಲ್ಲಿ ಏನಾದರೂ ತೊಂದರೆಯೇನಮ್ಮ?" ಎಂದು ಕೇಳಿದೆ. ಸಹಾನುಭೂತಿಯ ಮಾತೆಂದೇ ನಂಬಿದ್ದೆ. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಮಾತಾಡದೆ ಹೊರಟುಹೋದರು. ಆ ಪ್ರಶ್ನೆ ಅವರ ಕಿವಿಗೆ ಹೇಗೆ ಕೇಳಿಸಿತ್ತೆಂಬುದು ಬ್ರೌನರ ಪುಟಗಳನ್ನು ಓದುವಾಗ ನನಗೆ ಹೊಳೆಯಿತು.

ಕಿಟಿಯ ತಂದೆತಾಯಿ ಹಿಡಿದ ದಾರಿ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡದ್ದು. ಯಾರ ತಪ್ಪು ಎಂದು ಅಲ್ಲಿ ಕೇಳುವುದಿಲ್ಲ. ಮೊದಲ ಘಟ್ಟದಲ್ಲಿ ಏನು, ಎಷ್ಟು, ಯಾವಾಗ ಉಣ್ಣಬೇಕೆಂಬುದನ್ನು ತಂದೆತಾಯಿಗಳೇ ಗೊತ್ತುಮಾಡುತ್ತಾರೆ, ಚಿಕಿತ್ಸಕರು ಬೆನ್ನಿಗಿರುತ್ತಾರೆ. ತೂಕ ಕೂಡಿದಂತೆಲ್ಲ ಆ ಅಧಿಕಾರವನ್ನು ಸ್ವಲ್ಪ ಸ್ವಲ್ಪವಾಗಿ ಮಕ್ಕಳಿಗೆ ಹಿಂದಿರುಗಿಸುವುದು ಎರಡನೆಯ ಘಟ್ಟ. ಹರೆಯದ ಉಳಿದ ಕಷ್ಟಸುಖಗಳ ವಿಚಾರ ಮೂರನೆಯದು. 1987ರಲ್ಲಿ ಜೆರಾಲ್ಡ್ ರಸೆಲ್ ಮತ್ತು ಸಂಗಡಿಗರು ಆಸ್ಪತ್ರೆಯಿಂದ ಹೊರಬಂದ 80 ರೋಗಿಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಎಳೆಯ ವಯಸ್ಸಿನಲ್ಲಿ ರೋಗ ತಗುಲಿ ಮೂರು ವರ್ಷ ತುಂಬದಿದ್ದವರಿಗೆ ಕುಟುಂಬದೊಡನೆ ನಡೆಸಿದ ಚಿಕಿತ್ಸೆಯೇ ಮೇಲೆಂದು ಅದರಿಂದ ಕಂಡುಬಂದಿತು.

ಇನ್ನು ಕೃತಿಯ ಗುಣದೋಷದ ಮಾತು. ಬ್ರೌನರ ದೊಡ್ಡ ಗುಣ ಅವರು ಊಟದ ಮೇಜನ್ನು ಬಿಟ್ಟು ಕದಲದಿರುವುದು. ಕಾಫ್ಕನ 1922ರ ಪ್ರಖ್ಯಾತ ಕಥೆಯಲ್ಲಿ ಉಪವಾಸವನ್ನೇ ಕಲೆ ಮಾಡಿಕೊಂಡವನೊಬ್ಬ ಪಂಜರದಲ್ಲಿ ಕುಳಿತಿರುತ್ತಾನೆ. ಅವನು ಗುಟ್ಟಾಗಿ ತಿನ್ನದಂತೆ ಕಾವಲುಗಾರರು ನೋಡಿಕೊಳ್ಳುತ್ತಾರೆ. ಇಲ್ಲಿಯೂ ಕಾವಲುಂಟು. ಆದರೆ ಇದು ಉಣ್ಣದೆ ತಪ್ಪಿಸಿಕೊಳ್ಳದಂತೆ ಕಾಯುವ ಕಾವಲು. ಅಲ್ಲಿ ಹಸಿವು ಪ್ರತಿಮೆ. ಇಲ್ಲಿ ಅದು ಬರೀ ಹಸಿವು. ತಣ್ಣಗಾದ ಊಟ, ಒಂದೊಂದೇ ಗುಟುಕು ಇಳಿಯುವ ಹಾಲು, ಬದಿಯಲ್ಲಿ ನಿಂತು ಎಲ್ಲವನ್ನೂ ನೋಡುವ ಚಿಕ್ಕ ಮಗಳು: ಅಲಂಕಾರವಿಲ್ಲದ ಈ ವಿವರಗಳೇ ಕರುಳು ಹಿಂಡುತ್ತವೆ. ತಮ್ಮ ದೇಹದ ಬಗ್ಗೆ ತಮಗಿದ್ದ ಅಸಮಾಧಾನವನ್ನೂ ಲೇಖಕಿ ಮುಚ್ಚಿಡುವುದಿಲ್ಲ.

ನನ್ನ ತಕರಾರು ಇರುವುದು ಇನ್ನೊಂದು ಕಡೆ. ರೋಗವನ್ನು ಅವರು 'ದೆವ್ವ' ಎಂದು ಕರೆಯುತ್ತಾರೆ. ಮಗಳ ಬಾಯಿಂದ ಬರುವ ವಿಷದ ಮಾತು ಮಗಳದಲ್ಲ, ದೆವ್ವದ್ದು. ರೋಗವನ್ನೂ ರೋಗಿಯನ್ನೂ ಬೇರ್ಪಡಿಸಿ ನೋಡುವುದು ಚಿಕಿತ್ಸೆಯ ಒಂದು ಅಂಗವೇ. ಅದಿಲ್ಲದೆ ಯಾವ ತಾಯಿಯೂ ಆ ಮಾತುಗಳನ್ನು ತಡೆದುಕೊಂಡು ಕುಳಿತಿರಲಾರಳು. ಬೇವಿನ ಸೊಪ್ಪಿನಿಂದಲ್ಲದೆ ಬೆಣ್ಣೆಹಾಲಿನಿಂದ ಬಿಡಿಸುವ ದೆವ್ವವಿದು. ಆದರೆ ತಾಯಿಗೆ ಒದಗಿದ ಈ ರೂಪಕ ಲೇಖಕಿಗೆ ಅಡ್ಡಬಂದಿದೆ. ಕಿಟಿ ಬೇಡವೆಂದರೆ ದೆವ್ವ, ಸಿಟ್ಟಾದರೆ ದೆವ್ವ. ಹಾಗಾದರೆ ಹುಡುಗಿ ಎಲ್ಲಿ? ಹದಿನಾಲ್ಕರ ಹರೆಯಕ್ಕೆ ತನ್ನದೇ ಆದ ಒಂದು 'ಒಲ್ಲೆ' ಇರುವುದಿಲ್ಲವೆ? ಹೆಸರಿನಲ್ಲಿ ಧೀರೆಯೆನಿಸಿಕೊಂಡವಳು ಪುಸ್ತಕದೊಳಗೆ ಬಹಳ ಹೊತ್ತು ಮರೆಯಾಗಿಯೇ ಉಳಿಯುತ್ತಾಳೆ. ಅವಳ ಧೈರ್ಯವನ್ನು ನಾವು ತಾಯಿಯ ಮಾತಿನಿಂದ ತಿಳಿಯುತ್ತೇವೆಯೇ ಹೊರತು ಅವಳ ಒಳಗಿನಿಂದಲ್ಲ.

ಆದರೂ ಈ ದೋಷವನ್ನು ದೊಡ್ಡದು ಮಾಡಲು ಮನಸ್ಸು ಬಾರದು. ತುತ್ತು ಹಿಡಿದ ಕೈ ಬರೆದ ಕಥೆ ಇದು. ತುತ್ತು ನುಂಗಿದವಳ ಕಥೆಯನ್ನು ಅವಳೇ ಬರೆಯಬೇಕು. ಇದನ್ನು ವೈದ್ಯರಿಗೆ ಬದಲಾಗಿ ಯಾರೂ ಹಿಡಿಯಬಾರದೆಂಬುದನ್ನೂ ಹೇಳಬೇಕು: ಈ ರೋಗ ಹೃದಯದ ಬಡಿತವನ್ನೇ ಕುಗ್ಗಿಸಬಲ್ಲದು, ಪ್ರಾಣವನ್ನೂ ತೆಗೆಯಬಲ್ಲದು. ಎಲ್ಲರಿಗೂ ಫಲಿಸುವ ದಾರಿಯೂ ಇದಲ್ಲ. ಪುಸ್ತಕ ಬಂದ ವರ್ಷವೇ, 2010ರಲ್ಲಿ, ಅಮೆರಿಕದಲ್ಲಿ 121 ಮಂದಿ ಹರೆಯದವರ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ಚಿಕಿತ್ಸೆ ಮುಗಿದ ಒಂದು ವರ್ಷದ ಮೇಲೆ ಪೂರ್ತಿ ಚೇತರಿಸಿಕೊಂಡಿದ್ದವರು ಈ ಪದ್ಧತಿಯಲ್ಲಿ ನೂರಕ್ಕೆ 49. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾಡಿದ ಚಿಕಿತ್ಸೆಯಲ್ಲಿ ನೂರಕ್ಕೆ 23. ಇಮ್ಮಡಿಗಿಂತ ಹೆಚ್ಚು ನಿಜ. ಆದರೂ ಅರ್ಧದಷ್ಟು ಮನೆಗಳಲ್ಲಿ ಹೋರಾಟ ಇನ್ನೂ ಮುಗಿದಿರಲಿಲ್ಲ.

ಕನ್ನಡದಲ್ಲಿ ಯಾರಾದರೂ ಇಂಥದೊಂದು ಕಥನವನ್ನು ಬರೆದರೆ ನಾನು ಮೊದಲ ಓದುಗನಾಗುತ್ತೇನೆ. ಅಂದು ನನ್ನೆದುರಿಗೆ ನಿಂತಿದ್ದ ಆ ತಾಯಿ ಮತ್ತೆ ಬಂದರೆ ಕೇಳುವ ಪ್ರಶ್ನೆಯೂ ಬೇರೆಯಾದೀತು: "ಅವಳ ಜೊತೆ ಊಟಕ್ಕೆ ಕೂರುವಾಗ ನಿಮ್ಮ ಜೊತೆಗೆ ಯಾರಿರುತ್ತಾರಮ್ಮ?"