ಕಾಯುವ ಗಂಧ, ಹರಿಯುವ ಗಂಧ

ಪೊಳಲಿಯ ರಾಜರಾಜೇಶ್ವರಿ ಮಣ್ಣಿನ ಮೂರ್ತಿ. ಬಂಟ್ವಾಳ ತಾಲೂಕಿನ ಕರಿಯಂಗಳ ಗ್ರಾಮದಲ್ಲಿ, ಫಲ್ಗುಣಿ ಹೊಳೆಯ ಬದಿಯಲ್ಲಿ, ಸುಮಾರು ಹತ್ತಡಿ ಎತ್ತರಕ್ಕೆ ಕುಳಿತ ಈ ದೇವಿಯ ಜೊತೆಗಿರುವ ಪರಿವಾರ ಮೂರ್ತಿಗಳೂ ಮಣ್ಣಿನವೇ. ಕರಾವಳಿಯ ಮಳೆಗಾಲ ಕಂಡವರಿಗೆ ಇದೆಂಥ ಸಾಹಸವೆಂದು ಬಿಡಿಸಿ ಹೇಳಬೇಕಿಲ್ಲ. ಆಟಿ ತಿಂಗಳಲ್ಲಿ ಗೋಡೆಗೆ ಪಾಚಿ ಹತ್ತುತ್ತದೆ, ಪೆಟ್ಟಿಗೆಯೊಳಗಿನ ಸೀರೆಗೂ ಬೂಸಲು ಬರುತ್ತದೆ. ಅಂಥ ಊರಲ್ಲಿ ಮಣ್ಣಿನ ದೇವಿಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ವಿಧಿಗೆ ಲೇಪಾಷ್ಟಗಂಧ ಎನ್ನುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಮೂರ್ತಿಯ ಬಿರುಕು, ಸವಕಳಿಗಳನ್ನು ಸರಿಪಡಿಸಿ ಗಂಧದ್ರವ್ಯಗಳ ಲೇಪ ಕೊಡುತ್ತಾರೆ.

ಈ ವಿಧಿಯ ಬಗ್ಗೆ ನಾನು ಕಂಡ ಬರಹವೆಲ್ಲ ಮಹಿಮೆಯ ಬರಹ, ಇಲ್ಲವೇ ಉತ್ಸವದ ವರದಿ. ನಾನು ಅದನ್ನು ಪರಿಮಳದ ಕಲೆಯಾಗಿ ನೋಡಬೇಕೆಂದಿದ್ದೇನೆ. ಚಿತ್ರಕ್ಕೆ, ರಾಗಕ್ಕೆ, ಯಕ್ಷಗಾನದ ಬಣ್ಣಕ್ಕೆ ನಮ್ಮಲ್ಲಿ ವಿಮರ್ಶೆ ಇದೆ. ಮೂಗಿನ ಕಲೆಗೆ ಇಲ್ಲ. ಗಂಧ ಎಂದರೆ ಭಕ್ತಿಯ ಉಪಕರಣ ಅಥವಾ ಅಂಗಡಿಯ ಸರಕು, ನಡುವೆ ಮತ್ತೇನೂ ಇಲ್ಲ ಎಂಬಂತೆ ಬದುಕುತ್ತಿದ್ದೇವೆ.

ಅಷ್ಟಗಂಧವೆಂದರೆ ಎಂಟು ದ್ರವ್ಯ ಎಂಬಷ್ಟು ಎಲ್ಲರಿಗೂ ಗೊತ್ತು. ಆದರೆ ಪಾಕ ಒಂದೇ ಅಲ್ಲ. ಶಾರದಾತಿಲಕ ತಂತ್ರ ಎಂಬ ಗ್ರಂಥ ಶಕ್ತಿಗೆ ಬೇರೆ, ವಿಷ್ಣುವಿಗೆ ಬೇರೆ, ಶಿವನಿಗೆ ಬೇರೆ ಎಂದು ಮೂರು ಬಗೆ ಹೇಳುತ್ತದೆ. ಶಕ್ತಿಯ ಪಟ್ಟಿಯಲ್ಲಿ ಚಂದನ, ಅಗರು, ಕರ್ಪೂರ, ಕೇಸರಿ, ಗೋರೋಚನ, ಜಟಾಮಾಂಸಿ ಇವೆ. ವಿಷ್ಣುವಿನದರಲ್ಲಿ ಲಾವಂಚ, ಕೋಷ್ಟಗಳು ಸೇರಿ ಗೋರೋಚನ ಬಿಟ್ಟುಹೋಗುತ್ತದೆ. ಅಂದರೆ ಪ್ರತಿ ದೇವತೆಗೂ ಒಂದು ಪರಿಮಳದ ಸ್ವಭಾವವುಂಟು ಎಂದು ಯಾರೋ ಮೂಗಿನಿಂದ ಯೋಚಿಸಿದ್ದಾರೆ. ಶಕ್ತಿಗೆ ಹೇಳಿದ ಪಾಕವನ್ನು ಗಮನಿಸಿ: ಕರ್ಪೂರದ ಚುರುಕು ಮೇಲೆ, ಜಟಾಮಾಂಸಿಯ ಒದ್ದೆ ಬೇರಿನ ಗಾಢತೆ ಕೆಳಗೆ, ಗೋರೋಚನದ ಪ್ರಾಣಿಜನ್ಯ ಕಾವು ಒಳಗೆ. ಸಿಹಿಯಾಗಿ ಮೆಚ್ಚಿಸುವ ಉದ್ದೇಶ ಇದರಲ್ಲಿ ಕಾಣುವುದಿಲ್ಲ. ಜಟಾಮಾಂಸಿ ಹಿಮಾಲಯದ್ದು, ಅಗರು ಅಸ್ಸಾಮಿನ ಕಡೆಯದು, ಕೇಸರಿ ಕಾಶ್ಮೀರದ್ದು, ಹಳೆಯ ಕಾಲದ ಒಳ್ಳೆಯ ಕರ್ಪೂರ ಸುಮಾತ್ರ, ಬೋರ್ನಿಯೋಗಳಿಂದ ಹಡಗೇರಿ ಬಂದದ್ದು. ಚಂದನ ಮಾತ್ರ ಘಟ್ಟದ ಮೇಲಿನದು.

ಇವುಗಳಲ್ಲಿ ಹೆಚ್ಚಿನವು ತಮ್ಮ ಗಿಡವನ್ನು ಕಾಯುವ ವಸ್ತುಗಳು ಎಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ಶ್ರೀಗಂಧದ ಕೆಚ್ಚಿನಲ್ಲಿ ತೈಲ ಕೂಡುವುದು ಮನುಷ್ಯರ ಮೂಗಿಗಾಗಿ ಅಲ್ಲ. ಆ ತೈಲದಿಂದಾಗಿ ಗೆದ್ದಲು, ಶಿಲೀಂಧ್ರಗಳು ಅದರ ಹತ್ತಿರ ಸುಳಿಯುವುದಿಲ್ಲ. ಅಗರು ಹುಟ್ಟುವುದೇ ಮರಕ್ಕೆ ಸೋಂಕು ತಗುಲಿದಾಗ, ಗಾಯದ ಸುತ್ತ ಮರ ಕಟ್ಟಿಕೊಂಡ ರಾಳವಾಗಿ. ಬೆಳ್ತಂಗಡಿಯ ಮೇಲಿನ ಕಾಡುಗಳ ಧೂಪದ ಮರದ ಕತೆಯೂ ಇದೇ. ಕೆಂಡಕ್ಕೆ ಹಾಕಿದರೆ ದೇವರ ಕೋಣೆ ತುಂಬುವ ಅದರ ಅಂಟನ್ನೇ ಮರಗೆಲಸದವರು ವಾರ್ನಿಷಿಗೆ ಬಳಸಿದರು. ಕರಿಧೂಪದ ರಾಳದಿಂದ ದೋಣಿಯ ಸಂದು ಮುಚ್ಚಿದರು. ಪರಿಮಳ ಬೀರುವುದೂ ನೀರು ತಡೆಯುವುದೂ ಒಂದೇ ವಸ್ತುವಿನ ಎರಡು ಕೆಲಸ. ಮಣ್ಣಿನ ಮೂರ್ತಿಗೆ ಗಂಧ ಹಚ್ಚುವ ಸಂಪ್ರದಾಯ ಈ ತಿಳಿವಿನ ಮೇಲೆ ನಿಂತಿದೆ ಎಂದು ನನ್ನ ನಂಬಿಕೆ. ಇಲ್ಲಿ ಗಂಧ ಅಲಂಕಾರದ ಕೊನೆಯ ಪದರವಾಗಿ ಬರುವುದಿಲ್ಲ, ಮೂರ್ತಿಯ ಚರ್ಮವಾಗಿಯೇ ಬರುತ್ತದೆ.

ಅದೇ ಫಲ್ಗುಣಿ ಹೊಳೆಯ ಮೇಲ್ಭಾಗದಲ್ಲಿ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ, ಇದಕ್ಕೆ ಪೂರ್ತಿ ಎದುರಾದ ಕಲ್ಪನೆಯೊಂದಿದೆ. 1604ರಲ್ಲಿ ಅಲ್ಲಿನ ಅರಸ ತಿಮ್ಮಣ್ಣ ಅಜಿಲ ನಿಲ್ಲಿಸಿದ ಬಾಹುಬಲಿ 35 ಅಡಿಯ ಏಕಶಿಲೆ. 2012ರಲ್ಲಿ, ಮತ್ತೆ 2024ರಲ್ಲಿ ಅಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಅಂತರ ಇಲ್ಲಿಯೂ ಹನ್ನೆರಡು ವರ್ಷವೇ. ಎಳನೀರು, ಕಬ್ಬಿನ ರಸ, ಹಾಲು, ಅರಿಶಿನ, ಕಷಾಯ, ಶ್ರೀಗಂಧ, ಅಷ್ಟಗಂಧ, ಕೇಸರಿ ಒಂದರ ಹಿಂದೊಂದು ತಲೆಯಿಂದ ಪಾದಕ್ಕೆ ಇಳಿಯುತ್ತವೆ. ಕಬ್ಬಿನ ರಸದ ಹಸಿ ಸಿಹಿ, ಹಾಲಿನ ಮೆದು, ಅರಿಶಿನದ ಮಣ್ಣುವಾಸನೆ, ಕಷಾಯದ ಕಹಿ, ಆಮೇಲೆ ಚಂದನದ ತಂಪು: ಇದು ಕಾಲದಲ್ಲಿ ಹರಿಯುವ ಪರಿಮಳ ರಚನೆ, ಆಲಾಪದಿಂದ ತನಿಯವರೆಗೆ ಸಾಗುವ ಕಛೇರಿಯಂತೆ. ಅಷ್ಟು ಸುರಿದದ್ದರಲ್ಲಿ ಒಂದು ಹನಿಯನ್ನೂ ಕಲ್ಲು ಉಳಿಸಿಕೊಳ್ಳುವುದಿಲ್ಲ. ಪೊಳಲಿಯಲ್ಲಿ ಗಂಧ ಹಚ್ಚಿದಲ್ಲೇ ನಿಲ್ಲುತ್ತದೆ, ವೇಣೂರಿನಲ್ಲಿ ಹರಿದು ಹೋಗುತ್ತದೆ. ಒಂದೇ ನೀರಿನ ಬದಿಯಲ್ಲಿ, ಒಂದೇ ಅವಧಿಯ ಲೆಕ್ಕದಲ್ಲಿ, ಪರಿಮಳದ ಅತ್ಯಂತ ಹಳೆಯ ಪ್ರಶ್ನೆಗೆ ಎರಡು ಉತ್ತರ. ಉಳಿಯಬೇಕೋ, ಆವಿಯಾಗಬೇಕೋ ಎಂದು ಇಂದಿನ ಸುಗಂಧ ರಚನೆಕಾರರೂ ಪ್ರತಿ ಸೂತ್ರ ಬರೆಯುವಾಗ ತೂಗಿ ನೋಡುತ್ತಾರೆ.

ಬರಹದಲ್ಲಿ ಕನ್ನಡಕ್ಕೆ ಗಂಧದ ಪರಂಪರೆ ಇಲ್ಲವೆನ್ನುವ ಹಾಗಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಚಾವುಂಡರಾಯ ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ಬಾವಿ ತೋಡುವ, ಗಿಡ ಬೆಳೆಸುವ, ಅಡುಗೆ ಮಾಡುವ ವಿದ್ಯೆಗಳ ಸಾಲಿನಲ್ಲೇ ಸುಗಂಧ ತಯಾರಿಕೆಯೂ ಕುಳಿತಿದೆ. ನೂರು ವರ್ಷದ ಬಳಿಕ ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದ ಮಾನಸೋಲ್ಲಾಸದಲ್ಲಿ ವಿಲೇಪನ, ಧೂಪಗಳನ್ನು ಅರಸನ ಭೋಗಗಳೆಂದು ಎಣಿಸಿದ. ಇವರಿಗೂ ಹಿಂದೆ ವರಾಹಮಿಹಿರನ ಬೃಹತ್ಸಂಹಿತೆ ಗಂಧವನ್ನು ಗಣಿತವಾಗಿಸಿತ್ತು. ಹದಿನಾರು ದ್ರವ್ಯಗಳಲ್ಲಿ ಯಾವುದಾದರೂ ನಾಲ್ಕನ್ನು ಆರಿಸಿ ಒಂದು, ಎರಡು, ಮೂರು, ನಾಲ್ಕು ಪಾಲಿನಲ್ಲಿ ಕೂಡಿಸಿದರೆ 43,680 ಬಗೆಯ ಪರಿಮಳ ಸಾಧ್ಯ. ಚಾವುಂಡರಾಯನ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಅವನು ಗಂಧವನ್ನು ಅಂತಃಪುರದಿಂದ ಹೊರಗೆ ತಂದು ಲೋಕದ ಉಪಯೋಗದ ವಿದ್ಯೆಗಳ ಜೊತೆ ಇಟ್ಟ, ಅದನ್ನೂ ಕನ್ನಡದಲ್ಲಿ.

ಆಮೇಲೆ ಆ ದಾರಿ ಬೆಳೆಯಲಿಲ್ಲ. ರಚಿಸುವ ವಿದ್ಯೆ ಗ್ರಂಥದಲ್ಲಿ ನಿಂತಿತು, ಹಚ್ಚುವ ವಿದ್ಯೆ ದೇವಸ್ಥಾನದ ಒಳಗೆ ಉಳಿಯಿತು, ಮೂಗಿನ ನಿತ್ಯದ ರುಚಿ ಮಾತ್ರ ಅಂಗಳದಲ್ಲಿ ಬದುಕಿತು. ಈ ಮೂರನೆಯದನ್ನು ಬೆಳೆಸಿದವರು ಹೆಚ್ಚಾಗಿ ಹೆಂಗಸರು. ಶಂಕರಪುರದ ಮಲ್ಲಿಗೆಯನ್ನು ಮೊಗ್ಗಿರುವಾಗಲೇ ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಅರಳುವ ಕೆಲಸ ಮುಡಿದವಳ ತಲೆಯಲ್ಲಿ ಆಗಬೇಕು. ಬೇಸಗೆಯ ಸುರಗಿ, ನೆಲದಿಂದ ಹೆಕ್ಕಿ ಪೋಣಿಸುವ ರೆಂಜೆ, ಎರಡೂ ಒಣಗಿದ ಮೇಲೆ ಬೇರೆಯೇ ಪರಿಮಳ ಕೊಡುತ್ತವೆ. ಹಾಗಾಗಿ ಬಟ್ಟೆಯ ಮಡಿಕೆಗಳ ನಡುವೆ ಸೇರುತ್ತವೆ. ನಾಗನಿಗೆ ಕೇದಗೆ. ದೈವಕ್ಕೆ ಪಿಂಗಾರ, ಅಂದರೆ ಅಡಿಕೆಯ ಹೂಗೊಂಚಲು.

ಪಿಂಗಾರದ ಹತ್ತಿರ ಸ್ವಲ್ಪ ನಿಲ್ಲಬೇಕು. ಅಡಿಕೆ ಮರದಿಂದ ಇಳಿಸಿದ ಹಾಳೆ ಇನ್ನೂ ಮುಚ್ಚಿಯೇ ಇರುತ್ತದೆ. ಅಂಚಿಗೆ ಉಗುರು ಹಾಕಿ ಸೀಳಿದಾಗ ಒಳಗಿಂದ ಬೆಣ್ಣೆಬಣ್ಣದ ಎಳೆಗಳು ಹೊರಬೀಳುತ್ತವೆ. ಆ ಕ್ಷಣದ ವಾಸನೆ ಹೂವಿನದು ಮಾತ್ರವಲ್ಲ: ಹಸಿ ಹಿಟ್ಟು, ಎಳೆ ತೆಂಗಿನ ತಿರುಳು, ಸೀಳಿದ ಕಾಂಡದ ರಸ, ಅದರಾಚೆ ಒಂದು ತೆಳು ಸಿಹಿ. ಹಾಳೆ ಬಿಚ್ಚಿದ ಹೊತ್ತಿನ ಈ ತಾಜಾತನ ಮರುದಿನಕ್ಕೆ ಉಳಿಯುವುದಿಲ್ಲ. ದೈವಾರಾಧನೆಯ ನೇಮದಲ್ಲಿ ದೈವದ ಮುಖಕ್ಕೆ ಪಿಂಗಾರ ಹಿಡಿದಾಗ, ಅರಶಿನದ ಬಣ್ಣ, ತೆಂಗಿನೆಣ್ಣೆ, ದೊಂದಿಯ ಹೊಗೆ, ಬೆವರುಗಳ ನಡುವೆ ಈ ಹಸಿ ವಾಸನೆ ಏಳುತ್ತದೆ. ತುಳುನಾಡಿನ ಪರಿಮಳ ಪ್ರಜ್ಞೆಯ ಅತ್ಯುತ್ತಮ ಸಂಯೋಜನೆ ಇದೆಂದು ನಾನು ಹಿಂಜರಿಯದೆ ಹೇಳುತ್ತೇನೆ.

ಇಷ್ಟೆಲ್ಲ ಇದ್ದೂ ಕರ್ನಾಟಕದ ಗಂಧವೆಂದರೆ ಜಗತ್ತಿಗೆ ಒಂದೇ ವಸ್ತು, ಮೈಸೂರಿನ ಶ್ರೀಗಂಧ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಕೊರಡು ಸಾಗಿಸುವುದು ನಿಂತಾಗ ಸಂಸ್ಥಾನವೇ ತೈಲ ಇಳಿಸಲು ಹೊರಟಿತು. 1916ರಲ್ಲಿ ಕಾರ್ಖಾನೆ, 1918ರಲ್ಲಿ ಸಾಬೂನು. ಸಂಸ್ಥಾನ ರಸಾಯನ ತಜ್ಞ ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಸಾಬೂನು ತಯಾರಿಕೆ ಕಲಿಸಿತು. ಬಡವರ ಬಚ್ಚಲಿಗೂ ನಿಜವಾದ ಗಂಧ ತಲುಪಿಸಿದ ಈ ಸಾಧನೆಯನ್ನು ನಾನು ತುಂಬ ಗೌರವಿಸುತ್ತೇನೆ. ಆದರೆ ಅದರ ನೆರಳು ಉದ್ದವಾಯಿತು. ಕಚ್ಚಾವಸ್ತುವೇ ಕಲೆ ಎಂದುಕೊಂಡೆವು. ತೈಲ ನಮ್ಮಿಂದ ಹೋಯಿತು, ರಚನೆ ಬೇರೆ ಕಡೆ ನಡೆಯಿತು. 1989ರಲ್ಲಿ ಪ್ಯಾರಿಸ್ಸಿನ ಗೆರ್ಲಾನ್ ಮನೆತನ ಹೊರತಂದ ಸಂಸಾರ ಎಂಬ ಸುಗಂಧದ ಬೆನ್ನೆಲುಬು ಮೈಸೂರಿನ ಗಂಧ. ಫ್ರಾನ್ಸಿನ ಸೆರ್ಜ್ ಲುತಾನ್ಸ್ ಮೈಸೂರಿನ ಹೆಸರನ್ನೇ ಇಟ್ಟ ಸುಗಂಧದಲ್ಲಿ ಗಂಧಕ್ಕಿಂತ ಮೊದಲು ಎದುರಾಗುವುದು ಮಸಾಲೆ.

ಪ್ಯಾರಿಸ್ಸಿನಲ್ಲಿ ಚಿಕ್ಕದಾಗಿ, ಸ್ವತಂತ್ರವಾಗಿ ಹುಟ್ಟಿದ ಸುಗಂಧ ಮನೆಗಳಿಂದ ಕಲಿಯುವುದು ಬಹಳ ಇದೆ. ಜಾಂ ಲಾಪೋರ್ಟ್ 1976ರಲ್ಲಿ ಲಾರ್ತಿಸಾಂ ಪಾರ್ಫ್ಯೂಮರ್ ಕಟ್ಟಿದಾಗ ದೊಡ್ಡ ಕಂಪನಿಗಳು ಒಲ್ಲದ ವಾಸನೆಗಳಿಗೆ ಜಾಗ ಸಿಕ್ಕಿತು. 2000ದಲ್ಲಿ ಫ್ರೆಡೆರಿಕ್ ಮಾಲ್ ಸೀಸೆಯ ಮೇಲೆ ರಚನೆಕಾರರ ಹೆಸರು ಅಚ್ಚುಹಾಕಿದ. ಹೆಸರು ಬಂದೊಡನೆ ಹೊಣೆ ಬಂತು, ಹೊಣೆಯ ಹಿಂದೆ ವಿಮರ್ಶೆ ಬಂತು. ಅವರ ದೌರ್ಬಲ್ಯವೂ ಸ್ಪಷ್ಟ: ಊರುಗಳನ್ನು ಲೇಬಲ್ಲಾಗಿ ಬಳಸುತ್ತಾರೆ, ಆ ಊರಲ್ಲಿ ಗಂಧ ಮಾಡುವ ಕೆಲಸವೇನೆಂದು ಕೇಳುವುದಿಲ್ಲ. ಪಿಂಗಾರವನ್ನು ಮದ್ಯಸಾರದಲ್ಲಿ ಹಿಡಿಯಲು ಹೊರಟವರು ಮೊದಲು ಆ ಹಾಳೆಯನ್ನು ಯಾರಿಗಾಗಿ ಸೀಳುತ್ತಾರೆಂದು ತಿಳಿಯಬೇಕು.

ನಮ್ಮ ಕಡೆಯ ದೋಷ ಇದಕ್ಕಿಂತ ದೊಡ್ಡದು. ಪಾಕವನ್ನು ಗುಟ್ಟಾಗಿಟ್ಟು ಕಾಪಾಡಿದೆವೆಂದು ಹೆಮ್ಮೆಪಡುತ್ತೇವೆ, ಆದರೆ ಗುಟ್ಟು ಕಲಬೆರಕೆಯನ್ನೂ ಅಷ್ಟೇ ಚೆನ್ನಾಗಿ ಕಾಪಾಡುತ್ತದೆ. ಪೂಜಾ ಸಾಮಗ್ರಿಯ ಅಂಗಡಿಗಳಲ್ಲಿ ಅಷ್ಟಗಂಧವೆಂದು ಸಿಗುವ ಕಿತ್ತಳೆ ಪುಡಿಗಳಲ್ಲಿ ಎಷ್ಟೋ ಬಣ್ಣ ಮತ್ತು ಕೃತಕ ವಾಸನೆಯ ಮಿಶ್ರಣ. ಕೈಯಲ್ಲಿ ಹೊಸೆದ ಮಸಾಲೆ ಬತ್ತಿಯ ಜಾಗಕ್ಕೆ ರಾಸಾಯನಿಕದಲ್ಲಿ ಅದ್ದಿದ ಇದ್ದಿಲ ಕಡ್ಡಿ ಬಂದು ದಶಕಗಳಾದವು. ಮೂಗು ಅದಕ್ಕೆ ಒಗ್ಗಿದೆ. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯ್ದ ನಿಜ ಚಂದನ ಮಕ್ಕಳಿಗೆ ಸಪ್ಪೆ ಎನಿಸುತ್ತದೆ. ಪರಂಪರೆ ಸೋಲುವುದು ಇಂಥ ಕಡೆ. ಮಡಿ ಮೈಲಿಗೆಯ ಅಳತೆಗೋಲು ವಾಸನೆಯ ಗುಣವನ್ನು ಅಳೆಯಲಾರದು. ತೇದವರ, ಕಟ್ಟಿದವರ, ಕಾಡಿನಿಂದ ಧೂಪ ತಂದವರ ಹೆಸರು ಎಲ್ಲೂ ದಾಖಲಾಗಿಲ್ಲ, ಆದ್ದರಿಂದ ಅವರಲ್ಲಿ ಯಾರು ಕುಶಲಿ, ಯಾರು ಸಾಮಾನ್ಯ ಎಂಬ ಮಾತೇ ಹುಟ್ಟಲಿಲ್ಲ.

ಮಂತ್ರ ಗೋಪ್ಯವಾಗಿರಲಿ, ಆಕ್ಷೇಪವಿಲ್ಲ. ಆದರೆ ಮುಂದಿನ ಲೇಪದ ಹೊತ್ತಿಗೆ ಪೊಳಲಿಯಲ್ಲಿ ಒಂದು ಪುಸ್ತಕ ತೆರೆದಿರಬೇಕು. ಯಾವ ದ್ರವ್ಯ ಯಾವ ಊರಿನಿಂದ ಬಂತು, ಎಷ್ಟು ತೂಕ, ಯಾರು ಅರೆದರು, ಹಸಿಯಾಗಿದ್ದಾಗ ಹೇಗಿತ್ತು, ಮೊದಲ ಮಳೆಗಾಲ ದಾಟಿದ ಮೇಲೆ ಗರ್ಭಗುಡಿಯ ವಾಸನೆ ಹೇಗೆ ಬದಲಾಯಿತು, ಆರನೆಯ ವರ್ಷ ಯಾವ ವಾಸನೆ ಅಡಗಿ ಯಾವುದು ಉಳಿಯಿತು ಎಂದೆಲ್ಲ ಅದರಲ್ಲಿ ಬರೆಯಬೇಕು, ಕನ್ನಡದಲ್ಲಿ ಮತ್ತು ತುಳುವಿನಲ್ಲಿ, ಅರೆದವರದೇ ಮಾತಿನಲ್ಲಿ.