ಬಾಹ್ಯಾಕಾಶದ ಸಿನಿಮಾ ನೋಡುವ ಮೊದಲು ಗೋಕಾಕ ಫಾಲ್ಸ್ ನೋಡಿ

ಬಾಹ್ಯಾಕಾಶದ ಸಿನಿಮಾಗಳನ್ನು ಸವಿಯಲು ಕಣ್ಣು ಪಳಗಬೇಕೆಂದರೆ ಮೊದಲು ಗೋಕಾಕ ಫಾಲ್ಸಿನ ಎದುರು ಹೋಗಿ ನಿಲ್ಲಬೇಕು. ಮಳೆಗಾಲದಲ್ಲಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ನೀರು ಬಿಟ್ಟ ದಿನಗಳಲ್ಲಿ ಹೋದರೆ ಇನ್ನೂ ಚೆನ್ನ. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ಬಂಡೆಯ ಅಂಚಿನಲ್ಲಿ ನೊರೆಯ ಒಂದು ಮುದ್ದೆಯನ್ನು ಗುರುತಿಟ್ಟು, ಅದು ತಳ ಸೇರುವವರೆಗೆ ಕಣ್ಣು ಕೀಳದೆ ನೋಡಿ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಎತ್ತರದಿಂದ ಬೀಳಲು ಮೂರು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಅಷ್ಟೇ ಎತ್ತರದಿಂದ ಚಂದ್ರನ ಮೇಲೆ ಕಲ್ಲು ಬಿಟ್ಟರೆ ಎಂಟು ಸೆಕೆಂಡು ಹಿಡಿಯುತ್ತದೆ.

ಆಮೇಲೆ ತಳದಿಂದ ಏಳುವ ತುಂತುರನ್ನು ಗಮನಿಸಿ. ಬಿದ್ದ ನೀರು ಹನಿಯಾಗಿ ಮತ್ತೆ ಮೇಲೆದ್ದು, ಸುರುಳಿ ಸುತ್ತಿ, ತೂಗುಸೇತುವೆಯ ಕಡೆ ನಿಂತವರ ಮುಖ ತೋಯಿಸುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಗಾಳಿ. ದೂರದಿಂದಲೇ ಕಿವಿಗೆ ಬೀಳುವ ಮೊರೆತವನ್ನು ಹೊತ್ತು ತರುವುದೂ ಗಾಳಿಯೇ. ಬೀಳುವ ವೇಗ, ತೇಲುವ ತುಂತುರು, ಮೊರೆತ: ಈ ಮೂರನ್ನು ನೆನಪಿಟ್ಟುಕೊಂಡು ಪರದೆಯ ಮುಂದೆ ಕೂತರೆ ಸಾಕು. ಗಾಳಿಯಿಲ್ಲದ ಜಾಗದಲ್ಲಿ ಕೊನೆಯ ಎರಡು ಇರುವುದಿಲ್ಲ; ಮೊದಲನೆಯದು ಅಲ್ಲಿನ ಗುರುತ್ವಕ್ಕೆ ತಕ್ಕಂತೆ ಬದಲಾಗುತ್ತದೆ.

ಚಂದ್ರನ ದೃಶ್ಯ ಬಂದಾಗ ನಾನು ನಟನ ಮುಖ ಬಿಟ್ಟು ಧೂಳನ್ನು ನೋಡುತ್ತೇನೆ. 1972ರಲ್ಲಿ ಅಪೊಲೊ 16ರ ಗಗನಯಾತ್ರಿಗಳು ಚಂದ್ರನ ನೆಲದ ಮೇಲೆ ಗಾಡಿ ಓಡಿಸಿದಾಗ ತೆಗೆದ ಚಿತ್ರದ ತುಣುಕು ಇದಕ್ಕೆ ಒರೆಗಲ್ಲು. ಚಕ್ರದಿಂದ ಚಿಮ್ಮಿದ ಧೂಳು ಕಮಾನಿನಂತೆ ಎದ್ದು, ಹಾಗೆಯೇ ಕೆಳಗೆ ಬೀಳುತ್ತದೆ. ಮೋಡ ಕಟ್ಟುವುದಿಲ್ಲ, ಹಿಂದೆ ತೇಲುತ್ತ ಉಳಿಯುವುದಿಲ್ಲ. 2023ರ ಆಗಸ್ಟ್ 23ರಂದು ನಮ್ಮ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದಾಗ ಸುಮಾರು ಎರಡು ಟನ್‌ನಷ್ಟು ಮೇಲ್ಮಣ್ಣು ಚದುರಿತೆಂದು ಇಸ್ರೊ ಲೆಕ್ಕ ಹಾಕಿತು. ಅಷ್ಟು ಧೂಳು ಎದ್ದರೂ ಅದನ್ನು ತೇಲಿಸಿ ಹಿಡಿಯುವ ಗಾಳಿ ಅಲ್ಲಿರಲಿಲ್ಲ. ಸಿನಿಮಾದ ಚಂದ್ರನಲ್ಲಿ ಧೂಳು ಹೊಗೆಯಂತೆ ಸುಳಿದಾಡಿದರೆ ಅದು ಸ್ಟುಡಿಯೊದೊಳಗಿನ ಗಾಳಿಯ ಕೆಲಸ.

ಸ್ಫೋಟದ ವಿಚಾರವೂ ಹೀಗೆಯೇ. ಭೂಮಿಯ ಮೇಲೆ ಬೆಂಕಿಯುಂಡೆ ಮೇಲಕ್ಕೇರಿ ಅಣಬೆಯ ಆಕಾರ ತಾಳುವುದು ಬಿಸಿಗಾಳಿ ಹಗುರಾಗಿ ಮೇಲೇರುವುದರಿಂದ. ಶೂನ್ಯದಲ್ಲಿ ಮೇಲು ಕೆಳಗೆಂಬುದೇ ಇಲ್ಲ, ಉರಿಗೆ ಬೇಕಾದ ಆಮ್ಲಜನಕ ಹೊರಗಿಲ್ಲ. ಹಡಗಿನೊಳಗಿದ್ದ ಇಂಧನ, ಆಮ್ಲಜನಕ ಉರಿದಷ್ಟು ಉರಿದು, ಅನಿಲ ಎಲ್ಲ ಕಡೆಗೂ ಹರಡಿ ತೆಳುವಾಗುತ್ತದೆ; ಮಿಂಚು ಕ್ಷಣದಲ್ಲಿ ಆರುತ್ತದೆ. ಉಳಿದ ಚೂರುಗಳು ಮಾತ್ರ ನಿಲ್ಲುವುದಿಲ್ಲ, ಅವನ್ನು ತಡೆಯಲು ಅಲ್ಲಿ ಏನೂ ಇಲ್ಲ. ನಿಜವಾದ ಒಂದು ಅಪ್ಪಳಿಕೆಯನ್ನು ನಾವು ನೋಡಿದ್ದೇವೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಸೆಕೆಂಡಿಗೆ ಸುಮಾರು ಆರು ಕಿಲೋಮೀಟರ್ ವೇಗದಲ್ಲಿ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬಡಿಯಿತು. ಅಲ್ಲಿ ಕಂಡದ್ದು ಕೆಂಪು ಬೆಂಕಿಯುಂಡೆಯಲ್ಲ, ನೀಳವಾದ ಬಿಳಿ ಎಳೆಗಳಾಗಿ ಹರಡಿದ ಧೂಳು ಮತ್ತು ಕಲ್ಲು. ಆ ಕ್ಷುದ್ರಗ್ರಹ ತನ್ನ ಜೊತೆಗಾರನನ್ನು ಸುತ್ತುವ ಅವಧಿ 32 ನಿಮಿಷ ತಗ್ಗಿತು.

ಇದನ್ನೆಲ್ಲ ತಿಳಿದ ನಿರ್ದೇಶಕರು ಮೌನವನ್ನೇ ಆಯುಧ ಮಾಡಿಕೊಂಡಿದ್ದಾರೆ. ಸ್ಟ್ಯಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ (1968) ಚಿತ್ರದಲ್ಲಿ ಗಗನಯಾತ್ರಿ ಶಿರಸ್ತ್ರಾಣವಿಲ್ಲದೆ ಹಡಗಿನೊಳಗೆ ಹಾರಿಬೀಳುವ ದೃಶ್ಯವಿದೆ. ಬಾಗಿಲು ಸಿಡಿಯುತ್ತದೆ, ಅವನು ಗೋಡೆಗೆ ಬಡಿಯುತ್ತಾನೆ, ಸದ್ದೇ ಇಲ್ಲ. ಬಾಗಿಲು ಮುಚ್ಚಿ ಗಾಳಿ ತುಂಬಿದಾಗಲೇ ಸದ್ದು ನುಗ್ಗಿ ಬರುತ್ತದೆ. ಸದ್ದೆಂದರೆ ಜೀವ ಎಂಬ ಅರಿವು ಆ ಒಂದು ಗಳಿಗೆಯಲ್ಲಿ ನೋಡುಗನ ಮೈಗೆ ತಟ್ಟುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಕಾರದಲ್ಲಿ ಇದಕ್ಕಿಂತ ದೊಡ್ಡ ದೃಶ್ಯವಿಲ್ಲ. ‘ಇಂಟರ್‌ಸ್ಟೆಲ್ಲರ್’ (2014) ಚಿತ್ರದಲ್ಲಿ ಡಾ. ಮಾನ್ ಮಾತಾಡುತ್ತಿರುವಾಗಲೇ ಸ್ಫೋಟವಾಗಿ ಅವನ ಮಾತು ತುಂಡಾಗುತ್ತದೆ. ಮರುಕ್ಷಣ ಹೊರಗಿನಿಂದ ನೋಡುವಾಗ ನಿಶ್ಶಬ್ದ. ‘ಗ್ರ್ಯಾವಿಟಿ’ (2013) ಇನ್ನೊಂದು ಜಾಣ ದಾರಿ ಹಿಡಿಯಿತು. ನಾಯಕಿ ಮುಟ್ಟಿದ ವಸ್ತುವಿನ ಅದುರು ಅವಳ ಉಡುಪಿನ ಮೂಲಕ ಮಂದವಾಗಿ ಕೇಳಿಸುತ್ತದೆ, ಅಷ್ಟೇ. ಆದರೆ ಅದೇ ಚಿತ್ರದಲ್ಲಿ ಹಗ್ಗಕ್ಕೆ ಜೋತು ನಿಂತುಬಿಟ್ಟ ಸಂಗಾತಿ ಕೈಬಿಟ್ಟೊಡನೆ ದೂರಕ್ಕೆ ಸೆಳೆದುಹೋಗುತ್ತಾನೆ. ಅವನನ್ನು ಎಳೆಯುವ ಬಲ ಅಲ್ಲಿಲ್ಲ. ಹಗ್ಗವನ್ನು ಮೆಲ್ಲಗೆ ಒಮ್ಮೆ ಜಗ್ಗಿದ್ದರೆ ಅವಳ ಕಡೆಗೇ ತೇಲಿ ಬರುತ್ತಿದ್ದ. ‘ದ ಮಾರ್ಷಿಯನ್’ (2015) ಚಿತ್ರದ ಬಿರುಗಾಳಿಯೂ ಒಪ್ಪುವಂಥದ್ದಲ್ಲ: ಮಂಗಳದ ವಾಯುಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲಿಗೂ ಕಡಿಮೆ, ಅಲ್ಲಿನ ಗಾಳಿ ರಾಕೆಟ್ಟನ್ನು ಓಲಾಡಿಸಲಾರದು.

ಹಾಗಾದರೆ ಢಮಾರ್ ಎನ್ನುವ ‘ಸ್ಟಾರ್ ವಾರ್ಸ್’ (1977) ತಳ್ಳಿಹಾಕಬೇಕೆ? ಬೇಡ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತ ಬಯಲಾಟ ಆಡುವ ಮೂಡಲಗಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾರದ ದೇವಲೋಕದಿಂದ ಹೂವು ತಂದನೆಂದರೆ ತಂದ. ಯಾವ ವಾಹನದಲ್ಲಿ ಬಂದನೆಂದು ಅಟ್ಟದ ಮುಂದೆ ಕೂತವರು ಯಾರೂ ಕೇಳುವುದಿಲ್ಲ. ಆಟ ಮೊದಲೇ ಆ ಕರಾರು ಮಾಡಿಕೊಂಡಿರುತ್ತದೆ. ಸ್ಟಾರ್ ವಾರ್ಸ್ ಕೂಡ ತಾನು ಪುರಾಣಕಥೆಯೆಂದು ಮೊದಲ ಸಾಲಿನಲ್ಲೇ ಒಪ್ಪಿಕೊಳ್ಳುತ್ತದೆ. ತಪ್ಪು ಹಿಡಿಯಬೇಕಾದದ್ದು ವಿಜ್ಞಾನದ ಹೆಸರು ಹೇಳಿ, ಕಥೆಯ ಕೀಲನ್ನೇ ಸುಳ್ಳು ಭೌತಶಾಸ್ತ್ರದ ಮೇಲೆ ನಿಲ್ಲಿಸುವ ಚಿತ್ರದಲ್ಲಿ. ಗ್ರ್ಯಾವಿಟಿಯ ಹಗ್ಗದ ದೃಶ್ಯ ನನಗೆ ಸಲ್ಲದಿರುವುದು ಈ ಕಾರಣಕ್ಕೆ: ಒಬ್ಬನ ಸಾವು ಅಲ್ಲಿ ಇಲ್ಲದ ಬಲವೊಂದನ್ನು ನೆಚ್ಚಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ವಿಜ್ಞಾನದ ಮಾಸ್ತರರಲ್ಲಿ ಒಂದು ವಿನಂತಿ. ಮಕ್ಕಳನ್ನು ಫಾಲ್ಸಿಗೆ ಕರೆದುಕೊಂಡು ಹೋದಾಗ ಬರೀ ಫೋಟೊ ತೆಗೆಸಿ ಕರೆತರಬೇಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ನೀರು ಬೀಳುವ ಸೆಕೆಂಡುಗಳನ್ನು ಎಣಿಸಲು ಹೇಳಿ. ಶಾಲೆಗೆ ಮರಳಿದ ಮೇಲೆ ಅಪೊಲೊ 16ರ ಆ ಗಾಡಿಯ ತುಣುಕನ್ನು ತೋರಿಸಿ, ನಂತರ ಚಂದ್ರನ ಯಾವುದಾದರೂ ಸಿನಿಮಾದ ಒಂದು ದೃಶ್ಯವನ್ನು ಹಾಕಿ, ಯಾವುದು ನಿಜ, ಯಾವುದು ಸ್ಟುಡಿಯೊ ಎಂದು ಅವರನ್ನೇ ಕೇಳಿ.